ಲೆಕ್ಕಕ್ಕುಂಟು, ಆಟಕ್ಕಿಲ್ಲ

ಚಿಕ್ಕಂದಿನಲ್ಲಿ ನಮ್ಮ ಬೀದಿಯ ಆಟಗಳಿಗೆ ಒಂದು ಒಳ್ಳೆಯ ನಿಯಮವಿತ್ತು. ಯಾರದೋ ಮನೆಯ ಪುಟ್ಟ ತಮ್ಮನೋ ತಂಗಿಯೋ ಬಂದು 'ನನ್ನನ್ನೂ ಸೇರಿಸ್ಕೊಳ್ರೋ' ಅಂತ ರಾಗ ತೆಗೆದರೆ, ಒಳಗಿನಿಂದ ಅಮ್ಮಂದಿರ ಬೈಗುಳ ಶುರುವಾಗುವ ಮೊದಲೇ ನಾವು 'ಆಯ್ತು ಬಾ, ನೀನು ಆಟಕ್ಕುಂಟು ಲೆಕ್ಕಕ್ಕಿಲ್ಲ' ಅಂದುಬಿಡುತ್ತಿದ್ದೆವು. ಆ ಮಗು ಔಟಾದರೂ ಔಟಲ್ಲ. ಯಾರನ್ನಾದರೂ ಮುಟ್ಟಿದರೂ ಮುಟ್ಟಿದ ಹಾಗಲ್ಲ. ಓಡಾಡಿ, ಕೂಗಾಡಿ, ಮೈಯೆಲ್ಲ ಮಣ್ಣು ಮಾಡಿಕೊಂಡು ಖುಷಿಯಾಗಿ ಮನೆಗೆ ಹೋಗುತ್ತಿತ್ತು. ಇಷ್ಟು ದೊಡ್ಡ ಮನಸ್ಸಿನ ನಿಯಮ ಯಾವ ಆಟದ ಪುಸ್ತಕದಲ್ಲೂ ನನಗೆ ಮತ್ತೆ ಸಿಕ್ಕಿಲ್ಲ.

ಇದು ಪೂರ್ತಿ ತಿರುಗಾಮುರುಗಾ ಆದದ್ದು ನಾನು ಪಿಯುಸಿ ಓದುವಾಗ. ಊರಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟ್ ನಡೆಯುತ್ತಿತ್ತು. ನಮ್ಮ ಬಡಾವಣೆಯ ಒಳ್ಳೆಯ ಆಟಗಾರರೆಲ್ಲ ಹಿಂದಿನ ದಿನ ಅಂಪೈರ್ ಜೊತೆ ಜಗಳ ಮಾಡಿಕೊಂಡು 'ನಾವು ಬರಲ್ಲ' ಅಂದುಬಿಟ್ಟರು. ಕಟ್ಟಿದ್ದ ಎಂಟ್ರಿ ಫೀಸು ವಾಪಸ್ ಬರುವುದಿಲ್ಲ. ಕ್ಯಾಪ್ಟನ್ ಬೆಳಗ್ಗೆ ಆರೂವರೆಗೆ ಸೈಕಲ್ ಹತ್ತಿ ಕೈಕಾಲು ನೆಟ್ಟಗಿದ್ದವರನ್ನೆಲ್ಲ ಹಿಡಿದು ತಂದ. ನಾನು ಹಾಲು ತರಲು ಹೊರಟಿದ್ದವನು. ಖಾಲಿ ಹಾಲಿನ ಕ್ಯಾನನ್ನು ಬೌಂಡರಿ ಗೆರೆಯ ಆಚೆ ಇಟ್ಟು ಎರಡು ಓವರ್ ಎಸೆದೆ. 43 ರನ್ ಹೋಯಿತು. ಸ್ಕೋರ್ ಬರೆಯುವವನಿಗೆ ನನ್ನ ಹೆಸರು ಗೊತ್ತಿರಲಿಲ್ಲ. ಕೇಳುವ ತಾಪತ್ರಯವನ್ನೂ ತೆಗೆದುಕೊಳ್ಳಲಿಲ್ಲ. 'ಕನ್ನಡಕ' ಅಂತ ಬರೆದ. ಕನ್ನಡಕ, 2 ಓವರ್, 43 ರನ್, ವಿಕೆಟ್ ಇಲ್ಲ.

ಆಟಕ್ಕೆ ನಾನು ಯಾವ ಉಪಯೋಗಕ್ಕೂ ಬರಲಿಲ್ಲ. ಲೆಕ್ಕದಲ್ಲಿ ಮಾತ್ರ ಗಟ್ಟಿಯಾಗಿ ಕೂತೆ.

ಮುಂದೆ ಕೆಲಸದ ಮೇಲೆ ಮೂರು ವರ್ಷ ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದೆ. ಅಲ್ಲಿ ಬೇಸ್‌ಬಾಲ್ ನೋಡುವ ಚಟ ಹತ್ತಿತು. ಒಂದು ದಿನ ಹಳೆಯ ಅಂಕಿಅಂಶಗಳನ್ನು ಸುಮ್ನೆ ತಿರುವಿ ಹಾಕುತ್ತಿದ್ದಾಗ ಅಲನ್ ಟ್ರಾವರ್ಸ್ ಎಂಬ ಹುಡುಗನ ಸಾಲು ಕಣ್ಣಿಗೆ ಬಿತ್ತು. ಇಡೀ ಬದುಕಿನಲ್ಲಿ ಒಂದೇ ಆಟ. 8 ಇನಿಂಗ್ಸ್, ಎದುರಾಳಿಗೆ ಕೊಟ್ಟದ್ದು 26 ಹಿಟ್, 24 ರನ್. 1912ರ ಮೇ 18. ಊರು, ನಾನಿದ್ದ ಫಿಲಡೆಲ್ಫಿಯಾನೇ. ಓದುತ್ತಾ ಹೋದೆ. ಇವನು ನನಗಿಂತ ಜಾಸ್ತಿ ಕಷ್ಟಪಟ್ಟಿದ್ದ.

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ನಾಲ್ಕು ಮಾತು ಹೇಳಿಬಿಡುತ್ತೇನೆ. ಚೆಂಡು ಎಸೆಯುವವನು ಪಿಚರ್. ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದರೆ ಅದು ಹಿಟ್. ಹೊಡೆದವನು ಮೂರು ಬೇಸ್ ಸುತ್ತಿ ಮೊದಲಿನ ಜಾಗಕ್ಕೆ ಬಂದರೆ ಒಂದು ರನ್. ಒಂಬತ್ತು ಇನಿಂಗ್ಸ್. ಎದುರಾಳಿಯ ಮೂರು ಜನ ಔಟಾದರೆ ಅವರ ಸರದಿ ಮುಗಿಯಿತು. ಒಂದು ತಂಡ ಇಡೀ ಆಟದಲ್ಲಿ ನಾಲ್ಕೋ ಐದೋ ರನ್ ಮಾಡಿದರೆ ಸಾಧಾರಣ. ಹತ್ತು ದಾಟಿದರೆ ಎದುರಾಳಿಗೆ ಅವಮಾನ. 24 ಅಂದರೆ ಲೆಕ್ಕ ಬರೆಯುವವನೇ ಪೆನ್ಸಿಲ್ ಕೆಳಗಿಟ್ಟು ಕಣ್ಣುಜ್ಜಿಕೊಳ್ಳಬೇಕು.

ಕ್ರಿಕೆಟ್‌ನಲ್ಲಿ ಬೆಳೆದ ನನಗೆ ಇದರಲ್ಲಿ ತುಂಬಾ ಕ್ರೂರವಾಗಿ ಕಂಡದ್ದು ಇನ್ನೊಂದು ಸಂಗತಿ. ನಮ್ಮಲ್ಲಿ ಎಷ್ಟೇ ಕೆಟ್ಟದಾಗಿ ಎಸೆದರೂ ಆರು ಸರಿಯಾದ ಚೆಂಡು ಆದ ಮೇಲೆ ಓವರ್ ಮುಗಿಯುತ್ತದೆ. ತಲೆ ತಗ್ಗಿಸಿಕೊಂಡು ಲಾಂಗ್ ಆನ್‌ಗೆ ಹೋಗಿ ಹುಲ್ಲು ಕೀಳುತ್ತಾ ನಿಲ್ಲಬಹುದು. ಬೇಸ್‌ಬಾಲ್‌ನಲ್ಲಿ ಆ ದಯೆ ಇಲ್ಲ. ಮೂರು ಜನ ಔಟಾಗಲೇಬೇಕು, ಆಗದಿದ್ದರೆ ಇನಿಂಗ್ಸ್ ಮುಗಿಯುವುದೇ ಇಲ್ಲ. ಇನಿಂಗ್ಸ್ ಮುಗಿಸುವ ಗಡಿಯಾರವೂ ಇಲ್ಲ, ಓವರೂ ಇಲ್ಲ. ಸುಸ್ತಾದವನ ಬದಲು ಇನ್ನೊಬ್ಬ ಪಿಚರ್‌ನನ್ನು ಕರೆಯಬಹುದು. ಆವತ್ತು ಟ್ರಾವರ್ಸ್‌ನ ತಂಡದಲ್ಲಿ ಆ ಇನ್ನೊಬ್ಬ ಇರಲಿಲ್ಲ.

ಯಾಕೆ ಇರಲಿಲ್ಲ ಅಂತ ಹೇಳಬೇಕಾದರೆ ಮೂರು ದಿನ ಹಿಂದಕ್ಕೆ, ನ್ಯೂಯಾರ್ಕಿಗೆ ಹೋಗಬೇಕು.

1912ರ ಮೇ 15. ಹಿಲ್‌ಟಾಪ್ ಪಾರ್ಕ್ ಎಂಬ ಮೈದಾನ. ಈಗ ಯಾಂಕೀಸ್ ಅಂತ ಲೋಕಕ್ಕೆಲ್ಲ ಗೊತ್ತಿರುವ ತಂಡಕ್ಕೆ ಆಗ ಹೈಲ್ಯಾಂಡರ್ಸ್ ಅನ್ನುವ ಹೆಸರಿತ್ತು. ಎದುರಾಳಿ ಡೆಟ್ರಾಯಿಟ್ ಟೈಗರ್ಸ್. ಆ ತಂಡದ ತಾರೆ ಟೈ ಕಾಬ್. ಹಿಂದಿನ ವರ್ಷ ಅವನ ಬ್ಯಾಟಿಂಗ್ ಸರಾಸರಿ .420. ಅಂದರೆ ನೂರು ಸಲ ಬ್ಯಾಟ್ ಹಿಡಿದರೆ 42 ಸಲ ಹಿಟ್. ಮೂವತ್ತು ಸಲ ಹೊಡೆದವನನ್ನೇ ಅಲ್ಲಿ ದೊಡ್ಡ ಆಟಗಾರ ಅನ್ನುತ್ತಾರೆ. ಆಟ ಹೇಗೋ ಸಿಟ್ಟೂ ಹಾಗೇ. ಅವನ ಜೊತೆ ಆಡುವವರಿಗೇ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಪಕ್ಕದಲ್ಲೇ ಫೀಲ್ಡ್ ಮಾಡುತ್ತಿದ್ದ ಸ್ಯಾಮ್ ಕ್ರಾಫರ್ಡ್‌ಗೂ ಅವನಿಗೂ ಮಾತುಕತೆ ಅಷ್ಟಕ್ಕಷ್ಟೇ.

ಪ್ರೇಕ್ಷಕರ ಸಾಲಿನಲ್ಲಿ ಕ್ಲಾಡ್ ಲ್ಯೂಕರ್ ಎಂಬ ಒಬ್ಬ ಮನುಷ್ಯ ಕಾಬ್‌ನನ್ನು ಬೈಯುತ್ತಲೇ ಇದ್ದ. ಬೈಗುಳ ಅವನ ತಾಯಿಯ ತನಕ, ಅವನ ರಕ್ತದಲ್ಲಿ ಕಪ್ಪು ಜನರ ರಕ್ತ ಬೆರೆತಿದೆ ಅನ್ನುವ ತನಕ ಹೋಯಿತು. ಕಾಬ್ ಜಾರ್ಜಿಯಾದವನು, ದಕ್ಷಿಣದ ಬಿಳಿಯ. ಆ ಕಾಲದಲ್ಲಿ ಅವನಂಥವನಿಗೆ ಅದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ. ಕಟ್ಟೆ ಹಾರಿ, ಜನರ ನಡುವೆ ನುಗ್ಗಿ, ಆ ಮನುಷ್ಯನನ್ನು ಕೆಡವಿ ಹೊಡೆದ, ತುಳಿದ. ಲ್ಯೂಕರ್‌ಗೆ ಪ್ರೆಸ್ಸಿನ ಅಪಘಾತದಲ್ಲಿ ಒಂದು ಕೈ ಪೂರ್ತಿ, ಇನ್ನೊಂದು ಕೈಯ ಮೂರು ಬೆರಳು ಹೋಗಿದ್ದವು. 'ಅವನಿಗೆ ಕೈ ಇಲ್ಲ, ಬಿಡು' ಅಂತ ಸುತ್ತಲಿನವರು ಕೂಗಿದರೆ, ಕಾಲಿಲ್ಲದಿದ್ದರೂ ನನಗೇನು ಅಂದನಂತೆ ಕಾಬ್.

ಅಮೆರಿಕನ್ ಲೀಗ್‌ನ ಅಧ್ಯಕ್ಷ ಬ್ಯಾನ್ ಜಾನ್ಸನ್ ಆವತ್ತು ಅದೇ ಮೈದಾನದಲ್ಲಿ ಕೂತಿದ್ದರು. ಕಣ್ಣಾರೆ ಕಂಡ ಮೇಲೆ ವಿಚಾರಣೆ ಯಾಕೆ ಅಂದುಕೊಂಡರೋ ಏನೋ, ಕಾಬ್‌ನ ಮಾತು ಕೇಳದೆ ಅವನನ್ನು ಅಮಾನತು ಮಾಡಿದರು. ಎಷ್ಟು ದಿನಕ್ಕೆ ಅಂತಲೂ ಹೇಳಲಿಲ್ಲ.

ಕಾಬ್‌ನನ್ನು ಕಂಡರಾಗದ ಅದೇ ಜೊತೆಗಾರರು ಈಗ ಒಂದಾದರು. ಅವನನ್ನು ವಾಪಸ್ ಕರೆಯುವವರೆಗೆ ನಾವು ಆಡುವುದಿಲ್ಲ ಅಂತ ಜಾನ್ಸನ್‌ಗೆ ತಂತಿ ಕಳಿಸಿದರು. ಕ್ರಾಫರ್ಡ್ ಕೂಡ ಆ ಗುಂಪಿನಲ್ಲಿದ್ದ. ನಮ್ಮ ಮನೆಗಳಲ್ಲೂ ನೋಡಿರುತ್ತೀರಿ. ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತಾಡಿರುವುದಿಲ್ಲ, ಹೊರಗಿನವನು ಒಬ್ಬನ ಮೇಲೆ ಕೈ ಎತ್ತಿದರೆ ಇನ್ನೊಬ್ಬ ಪಂಚೆ ಎತ್ತಿ ಕಟ್ಟಿಕೊಂಡು ಬರುತ್ತಾನೆ.

ಅವರ ಸಿಟ್ಟಿನಲ್ಲಿ ಎರಡು ಎಳೆ ಇದ್ದವು. ಒಂದು ನ್ಯಾಯವಾದದ್ದು. ಆಗಿನ ಆಟಗಾರರಿಗೆ ಕ್ಲಬ್ ಬದಲಿಸುವ ಹಕ್ಕು ಇರಲಿಲ್ಲ. ಗುತ್ತಿಗೆಯಲ್ಲಿ ರಿಸರ್ವ್ ಕ್ಲಾಜ್ ಅನ್ನುವ ಷರತ್ತು ಇರುತ್ತಿತ್ತು. ಒಮ್ಮೆ ಸಹಿ ಹಾಕಿದರೆ ಮಾಲೀಕ ಬಿಡುವವರೆಗೆ ಬಿಡುಗಡೆ ಇಲ್ಲ. ಆ ಸಂಕೋಲೆ ಸಡಿಲಾಗಲು 1975ರವರೆಗೆ ಕಾಯಬೇಕಾಯಿತು. ಅಂಥವರನ್ನು ದಿನಾ ಬೈಯಲು ಪ್ರೇಕ್ಷಕರಿಗೆ ಬಿಟ್ಟು, ಕಾಪಾಡುವವರು ಯಾರೂ ಇಲ್ಲದೆ, ತಿರುಗಿ ಬಿದ್ದರೆ ಒಬ್ಬನೇ ಮನುಷ್ಯನ ಮಾತಿನ ಮೇಲೆ ಅನ್ನ ಕಿತ್ತುಕೊಳ್ಳುವುದು ಎಂಥ ನ್ಯಾಯ? ಇನ್ನೊಂದು ಎಳೆ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಬಿಳಿಯನನ್ನು ಕಪ್ಪು ಅಂದದ್ದೇ ಸಹಿಸಲಾಗದ ತಪ್ಪು ಅಂತ ಆ ಮೈದಾನದಲ್ಲಿ ಎಲ್ಲರೂ ಒಪ್ಪಿದ್ದರು, ಬೈದವನೂ, ಬೈಸಿಕೊಂಡವನೂ ಸೇರಿ. ಕಪ್ಪು ಆಟಗಾರನೊಬ್ಬ ಆ ಲೀಗ್‌ಗಳ ಮೈದಾನಕ್ಕೆ ಕಾಲಿಡಲು ಇನ್ನೂ 35 ವರ್ಷ ಬೇಕಿತ್ತು. 1947ರಲ್ಲಿ ಜಾಕಿ ರಾಬಿನ್ಸನ್ ಬಂದಾಗ ಕಾಬ್ ಆಟ ಬಿಟ್ಟು ಎಷ್ಟೋ ವರ್ಷವಾಗಿತ್ತು.

ಟೈಗರ್ಸ್ ತಂಡ ಅಷ್ಟರಲ್ಲಿ ಫಿಲಡೆಲ್ಫಿಯಾಕ್ಕೆ ಬಂದಿತ್ತು. ಶನಿವಾರ, ಮೇ 18ರಂದು ಶೈಬ್ ಪಾರ್ಕ್‌ನಲ್ಲಿ ಆ ಊರಿನ ತಂಡ ಅಥ್ಲೆಟಿಕ್ಸ್ ವಿರುದ್ಧ ಆಟ. ಮಾಲೀಕ ಫ್ರಾಂಕ್ ನವಿನ್‌ಗೆ ಜೀವ ಬಾಯಿಗೆ ಬಂತು. ತಂಡವನ್ನು ಇಳಿಸದಿದ್ದರೆ 5,000 ಡಾಲರ್ ದಂಡ. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಹಿಂದಿನ ತಿಂಗಳಷ್ಟೇ, ಏಪ್ರಿಲ್ 20ರಂದು ಅವನು ಡೆಟ್ರಾಯಿಟ್‌ನಲ್ಲಿ ತನ್ನ ಹೆಸರಿನ ಹೊಸ ಮೈದಾನ ತೆರೆದಿದ್ದ. ಕೈಯಲ್ಲಿ ದುಡ್ಡು ಜಾಸ್ತಿ ಉಳಿದಿರಲಿಕ್ಕಿಲ್ಲ. ಹೇಗಾದರೂ ಮಾಡಿ ಒಂಬತ್ತು ಜನರನ್ನು ನಿಲ್ಲಿಸು ಅಂತ ಮ್ಯಾನೇಜರ್ ಹ್ಯೂಯಿ ಜೆನ್ನಿಂಗ್ಸ್‌ಗೆ ಹೇಳಿದ.

ನಮ್ಮ ಕ್ಯಾಪ್ಟನ್‌ನ ಸೈಕಲ್ ನೆನಪಾಗುವುದು ಇಲ್ಲೇ.

ಅಲನ್ ಟ್ರಾವರ್ಸ್‌ಗೆ 20 ವರ್ಷ ತುಂಬಿ ಹನ್ನೊಂದು ದಿನವಾಗಿತ್ತು. ಫಿಲಡೆಲ್ಫಿಯಾದ ಸೇಂಟ್ ಜೋಸೆಫ್ಸ್ ಕಾಲೇಜಿನ ವಿದ್ಯಾರ್ಥಿ. ಕಾಲೇಜಿನ ಬೇಸ್‌ಬಾಲ್ ತಂಡಕ್ಕೆ ಅವನು ಸಹಾಯಕ ಮ್ಯಾನೇಜರ್. ಅಂದರೆ ಸಾಮಾನು ಹೊರುವ, ಲೆಕ್ಕ ಬರೆಯುವ ಕೆಲಸ. ಆಡುವ ತಂಡಕ್ಕೆ ಅವನನ್ನು ಯಾರೂ ಆರಿಸಿರಲಿಲ್ಲ. ಆಟಗಾರರು ಬೇಕಾಗಿದ್ದಾರೆ ಅನ್ನುವ ಸುದ್ದಿ ಒಬ್ಬ ಪತ್ರಕರ್ತನ ಮೂಲಕ ಅವನ ಕಿವಿಗೆ ಬಿತ್ತು. 23ನೇ ಬೀದಿ ಮತ್ತು ಕೊಲಂಬಿಯಾ ಅವೆನ್ಯೂ ಸೇರುವ ಮೂಲೆಯಲ್ಲಿ ಹುಡುಗರು ಸುಮ್ನೆ ನಿಂತು ಹರಟುತ್ತಿದ್ದರು. ನಮ್ಮೂರಲ್ಲಾದರೆ ಬೀಡಾ ಅಂಗಡಿ ಮುಂದೆ ನಿಂತಿರುತ್ತಾರಲ್ಲ, ಹಾಗೆ. ಟ್ರಾವರ್ಸ್ ಅಲ್ಲಿ ಹೋಗಿ ಅವರನ್ನು ಕಲೆಹಾಕಿದ.

ಮಧ್ಯಾಹ್ನ ನಿಜವಾದ ಟೈಗರ್ಸ್ ಬಟ್ಟೆ ತೊಟ್ಟು ಮೈದಾನಕ್ಕೇನೋ ಬಂದರು, ಕಾಬ್‌ನನ್ನೂ ಕರೆದುಕೊಂಡು. ಕಾಬ್ ಆಡುವಂತಿಲ್ಲ ಅಂತ ಅಂಪೈರ್ ಅವನನ್ನು ಹೊರಗೆ ಕಳಿಸಿದ. ಉಳಿದವರೂ ಅವನ ಹಿಂದೆ ನಡೆದರು. ಒಳಗೆ ಹೋಗಿ ಬಟ್ಟೆ ಬಿಚ್ಚಿಟ್ಟರು. ಆ ಬಟ್ಟೆಯನ್ನೇ ಬೀದಿ ಮೂಲೆಯ ಹುಡುಗರು ಹಾಕಿಕೊಂಡರು. ಬೇರೆಯವರ ಬೆವರು ಆರುವ ಮೊದಲೇ.

ಅವರು ಮುಷ್ಕರ ಮುರಿಯಲು ಬಂದವರು ಅಂತ ಬೈಯಲು ನನಗೆ ಮನಸ್ಸಾಗುವುದಿಲ್ಲ. ನಮ್ಮಲ್ಲಿ ಬಸ್ ಮುಷ್ಕರವಾದಾಗ ತರಬೇತಿಯಲ್ಲಿರುವವರನ್ನು ಸ್ಟೇರಿಂಗ್ ಮುಂದೆ ಕೂರಿಸುತ್ತಾರೆ. ಆ ಹುಡುಗರ ಮುಖ ನೋಡಿದ್ದೇನೆ. ಇತ್ತ ಕೆಲಸದ ಆಸೆ, ಅತ್ತ ಯಾರು ಕಲ್ಲು ಹೊಡೆಯುತ್ತಾರೋ ಅನ್ನುವ ಭಯ. ಟ್ರಾವರ್ಸ್ ಮುಂದೆ ನೆನಪಿಸಿಕೊಂಡಂತೆ ತಲೆಗೆ 25 ಡಾಲರ್, ಪಿಚರ್ ಆದವನಿಗೆ 50. ಐದು ಸಾವಿರ ದಂಡದ ಮುಂದೆ ನವಿನ್‌ಗೆ ಅದು ಚಿಲ್ಲರೆ ಕಾಸು.

ಪಿಚರ್ ಯಾರು ಅನ್ನುವುದೂ ದುಡ್ಡಿನ ಮೇಲೆಯೇ ತೀರ್ಮಾನವಾಯಿತು. ಟ್ರಾವರ್ಸ್ ಅದಕ್ಕೆ ಮೊದಲು ಯಾವ ಆಟದಲ್ಲೂ ಪಿಚ್ ಮಾಡಿದವನಲ್ಲ. 50 ಡಾಲರ್ ಅಂದಾಗ ಆಯ್ತು ಅಂದ.

ಎದುರಿಗೆ ಯಾರಿದ್ದರು? ಅಥ್ಲೆಟಿಕ್ಸ್ ಅಂದರೆ 1910 ಮತ್ತು 1911, ಎರಡೂ ವರ್ಷದ ವರ್ಲ್ಡ್ ಸೀರೀಸ್ ಗೆದ್ದ ತಂಡ. ಅವರ ಒಳ ಫೀಲ್ಡಿನ ನಾಲ್ವರಿಗೆ, ಅಂದರೆ ಮ್ಯಾಕಿನಿಸ್, ಕಾಲಿನ್ಸ್, ಬ್ಯಾರಿ, ಬೇಕರ್‌ಗೆ, 'ಒಂದು ಲಕ್ಷ ಡಾಲರ್ ಇನ್‌ಫೀಲ್ಡ್' ಅಂತ ಜನ ಹೆಸರಿಟ್ಟಿದ್ದರು. ಫ್ರಾಂಕ್ ಬೇಕರ್‌ಗೆ 'ಹೋಮ್ ರನ್', ಅಂದರೆ ನಮ್ಮ ಸಿಕ್ಸರ್‌ನಂಥ ಹೊಡೆತ, ಅನ್ನುವುದು ಅಡ್ಡಹೆಸರೇ ಆಗಿಹೋಗಿತ್ತು. ಆವತ್ತು ಪಿಚ್ ಮಾಡಲು ಇಳಿದ ಜ್ಯಾಕ್ ಕೂಂಬ್ಸ್ 1910ರ ಒಂದೇ ವರ್ಷದಲ್ಲಿ 31 ಆಟ ಗೆಲ್ಲಿಸಿದವನು. ಇವರೆಲ್ಲರ ಮ್ಯಾನೇಜರ್ ಕಾನಿ ಮ್ಯಾಕ್, ಆಟಗಾರರ ಬಟ್ಟೆ ತೊಡದೆ ಯಾವಾಗಲೂ ಕೋಟು ಟೈ ಹಾಕಿಕೊಂಡು ಕೂರುತ್ತಿದ್ದ ಗಂಭೀರ ಮನುಷ್ಯ. ಅಥ್ಲೆಟಿಕ್ಸ್ ತಮ್ಮ ಪೂರ್ತಿ ಬಲದ ತಂಡವನ್ನೇ ಇಳಿಸಿತು.

ಟೈಗರ್ಸ್ ಕಡೆ ಆಟ ಬಲ್ಲವರು ಇಬ್ಬರೇ, ಇಬ್ಬರೂ ಸಹಾಯಕರಾಗಿ ಬಂದಿದ್ದ ಹಳಬರು. ಚೆಂಡು ಹಿಡಿಯುವ ಕ್ಯಾಚರ್ ಜಾಗಕ್ಕೆ ಡೀಕನ್ ಮೆಕ್‌ಗ್ವಾಯರ್, ವಯಸ್ಸು 48. ಮೊದಲ ಬೇಸ್‌ಗೆ ಜೋ ಸಗ್ಡನ್, ವಯಸ್ಸು 41. ಮೆಕ್‌ಗ್ವಾಯರ್ ಮೊದಲ ಸಲ ದೊಡ್ಡ ಲೀಗ್‌ನಲ್ಲಿ ಆಡಿದ್ದು 1884ರಲ್ಲಿ. ಟ್ರಾವರ್ಸ್ ಆಗ ಇನ್ನೂ ಹುಟ್ಟಿರಲಿಲ್ಲ.

ಸುಮಾರು 20 ಸಾವಿರ ಜನ ಸೇರಿದ್ದರು. ಇದು ನನಗೆ ಅಚ್ಚರಿ ಅನ್ನಿಸುವುದಿಲ್ಲ. ಚೆನ್ನಾಗಿ ಆಡುವುದನ್ನು ನೋಡಲು ಬರುವಷ್ಟೇ ಜನ ಎಡವಟ್ಟು ನೋಡಲೂ ಬರುತ್ತಾರೆ.

ಮೊದಲ ಇನಿಂಗ್ಸ್‌ನಲ್ಲಿ ಅಥ್ಲೆಟಿಕ್ಸ್‌ಗೆ 3 ರನ್. ಎರಡನೆಯದರಲ್ಲಿ ಸೊನ್ನೆ. ಮೂರನೆಯದರಲ್ಲಿ ಮತ್ತೆ 3. ನಾಲ್ಕನೆಯದರಲ್ಲಿ ಮತ್ತೆ ಸೊನ್ನೆ. ನಾಲ್ಕು ಇನಿಂಗ್ಸ್ ಮುಗಿದಾಗ 6-0. ಇಲ್ಲಿ ಸ್ವಲ್ಪ ನಿಲ್ಲಿ. ಜೀವನದಲ್ಲಿ ಒಮ್ಮೆಯೂ ಪಿಚ್ ಮಾಡದ ಹುಡುಗ ವರ್ಲ್ಡ್ ಸೀರೀಸ್ ಗೆದ್ದವರಿಗೆ ಎರಡು ಇನಿಂಗ್ಸ್‌ನಲ್ಲಿ ರನ್ನೇ ಕೊಟ್ಟಿರಲಿಲ್ಲ. ಆರು ರನ್ ಹಿಂದೆ ಬೀಳುವುದು ನಿಜವಾದ ತಂಡಗಳಿಗೂ ಆಗುವಂಥದ್ದೇ. ಈ ಆಟದ ಬಗ್ಗೆ ಬರೆಯುವವರೆಲ್ಲ 24-2 ಅಂತ ಶುರುಮಾಡಿ ನಗುತ್ತಾರೆ. ನನಗೆ ಆ ಎರಡು ಸೊನ್ನೆಗಳ ಮೇಲೇ ಕಣ್ಣು.

ಅವನು ಎಸೆಯುತ್ತಿದ್ದದ್ದು ನಿಧಾನವಾಗಿ ತಿರುಗುವ ಚೆಂಡು. ಜೋರಾಗಿ ಎಸೆಯಬೇಡ, ಅವರು ಹೊಡೆದದ್ದು ನಿನಗೇ ಬಡಿದರೆ ಉಳಿಯುವುದಿಲ್ಲ ಅನ್ನುವ ಅರ್ಥದ ಬುದ್ಧಿಮಾತು ಜೆನ್ನಿಂಗ್ಸ್‌ನಿಂದ ಬಂದಿತ್ತಂತೆ. ಅಷ್ಟು ನಿಧಾನದ ಚೆಂಡು ಕಂಡು ಅಭ್ಯಾಸವಿಲ್ಲದ ಅಥ್ಲೆಟಿಕ್ಸ್ ಬ್ಯಾಟುಗಾರರು ಬೇಗ ಬೀಸಿ ಆಕಾಶಕ್ಕೆ ಹೊಡೆಯುತ್ತಿದ್ದರು ಅಂತ ಕಾಣುತ್ತದೆ. ಬೀದಿ ಕ್ರಿಕೆಟ್‌ನಲ್ಲಿ ಅಜ್ಜನೊಬ್ಬ ಕೆಳಗಿಂದ ಎಸೆದ ಚೆಂಡಿಗೆ ಊರಿನ ಶೂರರೆಲ್ಲ ಔಟಾಗುವುದನ್ನು ನೋಡಿಲ್ವಾ, ಹಾಗೆ.

ಆಮೇಲೆ ಅವರು ಬಂಟ್ ಮಾಡಲು ಶುರುಮಾಡಿದರು. ಬಂಟ್ ಅಂದರೆ ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಮೆಲ್ಲಗೆ ಮುಂದೆ ಕೆಡವಿ ಓಡುವುದು. ಓಡಿ ಬಂದು ಎತ್ತಿ ಎಸೆಯಲು ಫೀಲ್ಡರ್‌ಗೆ ಅಭ್ಯಾಸ ಬೇಕು. ಮೂರನೇ ಬೇಸ್‌ನಲ್ಲಿದ್ದವನಿಗೆ ಆ ಅಭ್ಯಾಸವೇ ಇರಲಿಲ್ಲ. ಬಂಟ್ ಶುರುವಾಗುವವರೆಗೆ ನಾನು ಚೆನ್ನಾಗಿಯೇ ಇದ್ದೆ ಅನ್ನುವುದು ಮುಂದೆ ಟ್ರಾವರ್ಸ್ ಕೊಟ್ಟ ವಿವರಣೆ. ಐದನೇ ಇನಿಂಗ್ಸ್‌ನಲ್ಲಿ 8 ರನ್. ಆರರಲ್ಲಿ 4, ಏಳರಲ್ಲಿ 4, ಎಂಟರಲ್ಲಿ 2. ಒಟ್ಟು 24. ಗೆಲ್ಲುತ್ತಿರುವ ಆತಿಥೇಯ ತಂಡ ಒಂಬತ್ತನೇ ಸಲ ಬ್ಯಾಟ್ ಮಾಡಬೇಕಾಗಿಲ್ಲ. ಟ್ರಾವರ್ಸ್‌ಗೆ ಸಿಕ್ಕ ಒಂದೇ ವಿನಾಯಿತಿ ಅದು.

24 ರನ್‌ಗಳಲ್ಲಿ 14 ಮಾತ್ರ ಅವನ ಖಾತೆಗೆ. ಉಳಿದ ಹತ್ತು ಫೀಲ್ಡರ್‌ಗಳ ತಪ್ಪಿನಿಂದ ಹೋದವು. ಏಳು ಜನರಿಗೆ ಪುಕ್ಕಟೆ ಬೇಸ್ ಕೊಟ್ಟ. ಒಬ್ಬನನ್ನು ಸ್ಟ್ರೈಕ್‌ಔಟ್ ಮಾಡಿದ. ಹೌದು, ಒಬ್ಬ. ಅಂಥ ಚೆಂಡಿಗೆ ಅಂಥ ತಂಡದ ಒಬ್ಬ ಮೂರು ಸಲ ತಪ್ಪಿದ. ಆ ರಾತ್ರಿ ಊಟದ ಮೇಜಿನ ಮುಂದೆ ಅವನು ಮನೆಯವರಿಗೆ ಏನು ಹೇಳಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಟೈಗರ್ಸ್ ಹುಡುಗರ ಎರಡು ರನ್ ಮಾಡಿದವರು ಆ ಇಬ್ಬರು ಹಳಬರೇ, ಮೆಕ್‌ಗ್ವಾಯರ್ ಮತ್ತು ಸಗ್ಡನ್. ತಂಡಕ್ಕೆ ಒಟ್ಟು ನಾಲ್ಕು ಹಿಟ್. ಅದರಲ್ಲಿ ಎರಡು ಎಡ್ ಇರ್ವಿನ್ ಎಂಬ ಬದಲಿ ಹುಡುಗನವು, ಎರಡೂ ಟ್ರಿಪಲ್. ಅಂದರೆ ಹೊಡೆದು ನೇರ ಮೂರನೇ ಬೇಸ್‌ಗೆ ಓಡಿದ್ದು. ಯಾವ ಆಟಗಾರನಿಗಾದರೂ ಹೆಮ್ಮೆಯ ಹೊಡೆತ. ಇನ್ನೊಬ್ಬ ಬಿಲ್ ಲೈನ್‌ಹೌಸರ್‌ಗೆ ಸಿಕ್ಕದ್ದು ಸೆಂಟರ್ ಫೀಲ್ಡ್, ಸಾಕ್ಷಾತ್ ಟೈ ಕಾಬ್ ನಿಲ್ಲುತ್ತಿದ್ದ ಜಾಗ. ನಾಲ್ಕು ಸಲ ಬ್ಯಾಟ್ ಹಿಡಿದ, ನಾಲ್ಕೂ ಸಲ ಸೊನ್ನೆ. ಅವನು ಮುಂದೆ ಅದೇ ಊರಿನಲ್ಲಿ ಪೊಲೀಸನಾದ.

ದೊಡ್ಡ ಅಂತರದ ಆಟ ಅಂದರೆ ಇದೊಂದೇ ಏನೂ ಅಲ್ಲ. 1897ರ ಜೂನ್ 29ರಂದು ಶಿಕಾಗೊ ತಂಡ ಲೂಯಿವಿಲ್ ವಿರುದ್ಧ 36-7ರಿಂದ ಗೆದ್ದಿತ್ತು. ಒಂದು ತಂಡ ದೊಡ್ಡ ಲೀಗ್‌ನ ಒಂದೇ ಆಟದಲ್ಲಿ ಮಾಡಿದ ಅತಿ ಹೆಚ್ಚು ರನ್ ಇಂದಿಗೂ ಅದೇ. 1883ರಲ್ಲಿ ಪ್ರಾವಿಡೆನ್ಸ್ ತಂಡ ಫಿಲಡೆಲ್ಫಿಯಾದ ಇನ್ನೊಂದು ತಂಡವನ್ನು 28-0ಗೆ ಮುಗಿಸಿತ್ತು. ಕೆಳಗಿನ ಹಂತಕ್ಕೆ ಹೋದರೆ 1902ರ ಟೆಕ್ಸಸ್ ಲೀಗ್ ಇದೆ. ಕಾರ್ಸಿಕಾನಾ 51, ಟೆಕ್ಸಾರ್ಕಾನಾ 3. ಕ್ಲಾರ್ಕ್ ಎಂಬ ಒಬ್ಬನೇ 8 ಹೋಮ್ ರನ್ ಹೊಡೆದ. ಭಾನುವಾರ ಆಡುವುದಕ್ಕೆ ಊರಲ್ಲಿ ನಿಷೇಧ ಇದ್ದದ್ದರಿಂದ ಆ ಆಟವನ್ನು ಪಕ್ಕದ ಎನಿಸ್ ಊರಿನ ಪುಟ್ಟ ಮೈದಾನದಲ್ಲಿ ಇಟ್ಟಿದ್ದರು. ಅಂಕಿ ನೋಡಿ ಬೆರಗಾಗಬೇಕು ಅನ್ನುವವರಿಗೆ ಅವು ಸಾಕು. ಆದರೆ ಅಲ್ಲಿ ಸೋತವರು ಸಂಬಳಕ್ಕೆ ಆಡುವವರು, ಮರುದಿನ ಮತ್ತೆ ಬಂದು ಆಡುವವರು. ಟ್ರಾವರ್ಸ್‌ಗೆ ಮರುದಿನ ಇರಲಿಲ್ಲ.

ಫಿಲಡೆಲ್ಫಿಯಾದಲ್ಲೂ ಭಾನುವಾರ ಬೇಸ್‌ಬಾಲ್ ಇರಲಿಲ್ಲ. ಸೋಮವಾರದ ಆಟ ರದ್ದಾಯಿತು. ಜಾನ್ಸನ್ ಊರಿಗೇ ಬಂದು, ಆಡದಿದ್ದರೆ ನಿಮ್ಮನ್ನೆಲ್ಲ ಆಟದಿಂದಲೇ ಓಡಿಸುತ್ತೇನೆ ಅಂತ ಗುಡುಗಿದರು. ಕೊನೆಗೆ ಕಾಬ್‌ನೇ ಜೊತೆಗಾರರಿಗೆ ನೀವು ಹೋಗಿ ಆಡಿ ಅಂದ. 21ರಂದು ವಾಷಿಂಗ್ಟನ್‌ನಲ್ಲಿ ಅವರು ಮತ್ತೆ ಮೈದಾನಕ್ಕಿಳಿದರು. ಮುಷ್ಕರ ಮಾಡಿದ ಒಬ್ಬೊಬ್ಬರಿಗೂ 100 ಡಾಲರ್ ದಂಡ. ಮನುಷ್ಯನನ್ನು ಹೊಡೆದ ಕಾಬ್‌ಗೆ 50 ಡಾಲರ್ ದಂಡ, ಹತ್ತು ದಿನದ ಅಮಾನತು. ಹೊಡೆದದ್ದಕ್ಕಿಂತ ಒಟ್ಟಾಗಿ ನಿಂತದ್ದು ಎರಡರಷ್ಟು ದೊಡ್ಡ ತಪ್ಪು ಅಂತ ಲೆಕ್ಕ ಹೇಳುತ್ತದೆ. ಅದೇ ವರ್ಷ ಡೇವ್ ಫುಲ್ಟ್ಸ್ ಎಂಬ ಮಾಜಿ ಆಟಗಾರ, ಆಗ ವಕೀಲ, ಆಟಗಾರರ ಸಂಘವೊಂದನ್ನು ಕಟ್ಟಿದ.

ಬೀದಿ ಮೂಲೆಯ ಹುಡುಗರು ಚದುರಿಹೋದರು. ಎಡ್ ಇರ್ವಿನ್ ನಾಲ್ಕು ವರ್ಷದೊಳಗೆ ಸತ್ತ. ಫಿಲಡೆಲ್ಫಿಯಾದ ಒಂದು ಸಲೂನಿನಲ್ಲಿ, ಅಂದರೆ ಹೆಂಡದಂಗಡಿಯಲ್ಲಿ, ಅವನನ್ನು ಯಾರೋ ಕಿಟಕಿಯ ಗಾಜಿನ ಮೂಲಕ ಹೊರಗೆ ಎಸೆದಿದ್ದರು. ಮೂರನೇ ಬೇಸ್‌ನಲ್ಲಿ ಆಟ ಶುರುಮಾಡಿದ ಬಿಲ್ಲಿ ಮಹಾರ್ಗ್ ಕಸುಬಿನಿಂದ ಬಾಕ್ಸರ್. 1916ರಲ್ಲಿ ಊರಿನ ಇನ್ನೊಂದು ತಂಡ ಫಿಲೀಸ್ ಪರವಾಗಿ ಮತ್ತೊಂದು ಆಟ ಆಡಿದ. 1919ರ ವರ್ಲ್ಡ್ ಸೀರೀಸ್‌ನಲ್ಲಿ ಶಿಕಾಗೊ ವೈಟ್ ಸಾಕ್ಸ್ ಆಟಗಾರರು ದುಡ್ಡು ತಿಂದು ಬೇಕೆಂದೇ ಸೋತರಲ್ಲ, ಆ ಒಳಸಂಚಿನಲ್ಲಿ ಇವನೂ ಇದ್ದ. 1920ರಲ್ಲಿ ಫಿಲಡೆಲ್ಫಿಯಾದ ಒಂದು ಪತ್ರಿಕೆಗೆ ಎಲ್ಲವನ್ನೂ ಬಾಯಿಬಿಟ್ಟವನೂ ಇವನೇ. ಅವನ ನಿಜವಾದ ಹೆಸರು ಗ್ರಹಾಂ, ಅಕ್ಷರಗಳನ್ನು ಹಿಂದುಮುಂದು ಮಾಡಿ ಮಹಾರ್ಗ್ ಅಂತ ಇಟ್ಟುಕೊಂಡಿದ್ದಾನೆ ಅಂತ ಬಹಳ ಕಾಲ ಜನ ನಂಬಿದ್ದರು. ಅದು ಸುಳ್ಳು. ಶಾರ್ಟ್‌ಸ್ಟಾಪ್ ಜಾಗದಲ್ಲಿ ಆಡಿದವನು ಹಳೆಯ ಪುಸ್ತಕಗಳಲ್ಲಿ ಪ್ಯಾಟ್ ಮೀನಿ, ಈಗಿನ ದಾಖಲೆಗಳಲ್ಲಿ ವಿನ್ಸೆಂಟ್ ಮೇನಿ. ನನ್ನ ಹಾಗೆ ಅವನನ್ನು ಕನ್ನಡಕ ಅಂತ ಬರೆಯಲಿಲ್ಲ, ಅಷ್ಟೇ ಪುಣ್ಯ.

ಟ್ರಾವರ್ಸ್‌ನ ವಿಷಯಕ್ಕೆ ಬಂದರೆ ಇನ್ನು ಮುಂದೆ ಏಕವಚನ ನಡೆಯುವುದಿಲ್ಲ. ಅವರು ಜೆಸ್ವಿಟ್ ಸಂಸ್ಥೆ ಸೇರಿದರು. 1926ರಲ್ಲಿ ಪಾದ್ರಿಯಾದರು. ದೊಡ್ಡ ಲೀಗ್‌ನಲ್ಲಿ ಆಡಿ ಕ್ಯಾಥೊಲಿಕ್ ಪಾದ್ರಿಯಾದವರು ಅವರೊಬ್ಬರೇ. ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾದ ಜೆಸ್ವಿಟ್ ಶಾಲೆಗಳಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಪಾಠ ಮಾಡಿದರು. 1968ರಲ್ಲಿ ತೀರಿಕೊಂಡರು. ಅಮೆರಿಕನ್ ಲೀಗ್‌ನಲ್ಲಿ ಒಬ್ಬ ಪಿಚರ್ ಒಂದೇ ಆಟದಲ್ಲಿ ಕೊಟ್ಟ ಅತಿ ಹೆಚ್ಚು ರನ್ ಅನ್ನುವ ದಾಖಲೆ ಫಾದರ್ ಟ್ರಾವರ್ಸ್ ಹೆಸರಿನಲ್ಲೇ ಇದೆ. ಈಗಿನ ಕಾಲದಲ್ಲಿ ಎಂಟು ಹತ್ತು ರನ್ ಹೋಗುವಷ್ಟರಲ್ಲಿ ಪಿಚರ್‌ನನ್ನು ಬದಲಿಸಿಬಿಡುತ್ತಾರೆ, ಹಾಗಾಗಿ ಅದನ್ನು ಮುರಿಯುವವರು ಹುಟ್ಟುವುದು ಕಷ್ಟ.

ಆ ಊರು ಬಿಡುವ ಮುಂಚೆ ಒಂದು ಭಾನುವಾರ ಶೈಬ್ ಪಾರ್ಕ್ ಇದ್ದ ಜಾಗ ನೋಡಲು ಹೋದೆ. 21ನೇ ಬೀದಿ, ಲೀಹೈ ಅವೆನ್ಯೂ. 1909ರಲ್ಲಿ ಉಕ್ಕು ಕಾಂಕ್ರೀಟಿನಲ್ಲಿ ಕಟ್ಟಿದ್ದ ಆ ಮೈದಾನವನ್ನು 1976ರಲ್ಲಿ ಕೆಡವಿದರು. ಈಗ ಅಲ್ಲೊಂದು ದೊಡ್ಡ ಚರ್ಚ್ ಇದೆ. ಪ್ರಾರ್ಥನೆ ಮುಗಿದು ಜನ ಹೊರಬರುತ್ತಿದ್ದರು. ಒಳ್ಳೊಳ್ಳೆಯ ಟೋಪಿ ಹಾಕಿದ ಕಪ್ಪು ಅಜ್ಜಿಯರು, ಅವರ ಕೈ ಹಿಡಿದ ಮೊಮ್ಮಕ್ಕಳು. ರಸ್ತೆ ಬದಿಯಲ್ಲಿ ಮೈದಾನದ ನೆನಪಿಗೆ ಒಂದು ನೀಲಿ ಫಲಕ. ಅಲ್ಲಿಂದ ದಕ್ಷಿಣಕ್ಕೆ ನಡೆದೆ. ಕೊಲಂಬಿಯಾ ಅವೆನ್ಯೂಗೆ ಈಗ ಸೆಸಿಲ್ ಬಿ. ಮೂರ್ ಅವೆನ್ಯೂ ಅಂತ ಹೆಸರು, ಕಪ್ಪು ಜನರ ಹಕ್ಕುಗಳಿಗೆ ಹೋರಾಡಿದ ವಕೀಲರ ಹೆಸರು. 23ನೇ ಬೀದಿಯ ಮೂಲೆ ಸಿಕ್ಕಿತು. ನಾಲ್ಕೈದು ಹುಡುಗರು ಗೋಡೆಗೆ ಒರಗಿ ನಿಂತಿದ್ದರು.

1912ರ ಡೆಟ್ರಾಯಿಟ್ ತಂಡದ ಪಟ್ಟಿ ಈಗಲೂ ಒಮ್ಮೊಮ್ಮೆ ತೆಗೆದು ನೋಡುತ್ತೇನೆ. ಆ ಒಂದು ಮಧ್ಯಾಹ್ನದ ಹುಡುಗರೆಲ್ಲ ಅದರಲ್ಲಿದ್ದಾರೆ, ಕಾಬ್ ಮತ್ತು ಕ್ರಾಫರ್ಡ್ ಇರುವ ಅದೇ ಪಟ್ಟಿಯಲ್ಲಿ. ಅಡಿಟಿಪ್ಪಣಿ ಇಲ್ಲ, ಬೇರೆ ಬಣ್ಣ ಇಲ್ಲ. ಆ ವರ್ಷ ಕಾಬ್‌ನ ಸರಾಸರಿ .409. ಮೂರು ಸಲ ಬ್ಯಾಟ್ ಹಿಡಿದು ಎರಡು ಸಲ ಹೊಡೆದ ಎಡ್ ಇರ್ವಿನ್‌ನದು .667.

ಹೋದ ಸಲ ಊರಿಗೆ ಹೋದಾಗ ನಮ್ಮ ಹಳೆಯ ಕ್ಯಾಪ್ಟನ್ ಸಿಕ್ಕಿದ. ಈಗ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಆ ಟೂರ್ನಮೆಂಟಿನ ಸ್ಕೋರ್ ಬುಕ್ ಇದೆಯೇನೋ ಅಂತ ಕೇಳಿದೆ.

'ಅದು ಯಾವಾಗ್ಲೋ ರದ್ದಿಗೆ ಹೋಯ್ತು ಕಣೋ. ನಿಂಗ್ಯಾಕೆ ಈಗ ಅದು? ಎರಡು ಓವರಿಗೆ ಐವತ್ತು ಕೊಟ್ಟಿದ್ದೆ ನೀನು.'

'ನಲವತ್ಮೂರು' ಅಂದೆ.

'ಐವತ್ತು.'

'ಲೇ, ನಲವತ್ಮೂರು ಕಣೋ.'